ಎಡಕ್ಕೆ ವಾಲಿದ ಹೊಲಿಗೆ

ಅರವತ್ತಾರನೆಯ ವಯಸ್ಸಿನಲ್ಲಿ ದೆಲ್ಫೀನಾಗೆ ತನ್ನದೇ ಹೊಲಿಗೆಯ ಬಗ್ಗೆ ಪಾಠ ಹೇಳಿಸಿಕೊಳ್ಳುವ ಯೋಗ ಕೂಡಿಬಂತು. ಹೇಳಿದವರು ದೊತ್ತೋರ್ ಮಸೇರಾ. ಇಟಲಿಯ ತೊರೀನೋದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವರೆಲ್ಲ ದೊತ್ತೋರೆಗಳೇ, ಅದೇನೂ ದೊಡ್ಡ ಮಾತಲ್ಲ. ಆದರೆ ಈ ಮನುಷ್ಯ ಹಳೆಯ ಕಾರುಗಳ ಮೇಲೆ ಮೂರು ಸಂಪುಟ ಬರೆದವರು. ಅವರು ಹೂಂ ಅಂದರೆ ಕಾರು ಅಸಲಿ, ಊಹೂಂ ಅಂದರೆ ಗುಜರಿ. ಅಂಥವರು ಇವಳ ವರ್ಕ್‌ಶಾಪಿನ ನೆಲದ ಮೇಲೆ ಕರವಸ್ತ್ರ ಹಾಸಿ, ಮೊಣಕಾಲೂರಿ, ಭೂತಗನ್ನಡಿ ಹಿಡಿದು, ಕಾರಿನ ಹಿಂಬಾಗಿಲೊಳಗೆ ಅರ್ಧ ದೇಹ ತೂರಿಸಿಕೊಂಡಿದ್ದರು.

"ಹತ್ರ ಬನ್ನಿ ಸಿನ್ಯೋರಾ, ಹೆದರ್ಬೇಡಿ. ಈ ಹೊಲಿಗೆ ಯಾವ ಕಡೆ ವಾಲಿದೆ ಹೇಳಿ ನೋಡೋಣ?"

"ಎಡಕ್ಕೆ."

"ಭೇಷ್! ಎಡಕ್ಕೆ. ಬಲಗೈಯವರು ಹೊಲಿದ್ರೆ ಬಲಕ್ಕೆ ವಾಲುತ್ತೆ. ಅಂದ್ರೆ ಇದನ್ನ ಹೊಲಿದೋನು?"

"ಎಡಚ."

"ಎಡಚ!" ದೊತ್ತೋರರು ಹೊರಗೆ ಬಂದು, ಮೊದಲ ಪ್ರಶ್ನೆಗೇ ಉತ್ತರ ಕೊಟ್ಟ ಮಗುವನ್ನು ನೋಡುವಂತೆ ಅವಳನ್ನು ನೋಡಿದರು. "ಗೆರ್ಲೋನೆ ಕಾರ್ಖಾನೆಯ ಎಡಗೈ ಮೇಸ್ತ್ರಿ. ಪಾಪ, ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಎರಡನೇ ಸಂಪುಟದಲ್ಲಿ ಅವನ ಮೇಲೆ ಒಂದು ಅಧ್ಯಾಯವೇ ಇದೆ. ಅಂಥ ಹೊಲಿಗೆ ಅವನಾದ್ಮೇಲೆ ಇನ್ನೊಬ್ಬ ಹೊಲಿದಿಲ್ಲ."

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ. ದೆಲ್ಫೀನಾ ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹಲ್ಲು ಕಚ್ಚಿ ನಿಂತಳು. ಪಕ್ಕದಲ್ಲೇ ಕಾರಿನ ಯಜಮಾನ ಕ್ರವೇರೋ ನಿಂತಿದ್ದ. ಬಿಸ್ಕತ್ತು ಮಾರಿ ಸಾಹುಕಾರನಾದವನು, ಒಳ್ಳೆಯ ಮನುಷ್ಯ, ಆದರೆ ದೊತ್ತೋರರ ಮುಂದೆ ಉಸಿರನ್ನೂ ಅಪ್ಪಣೆ ಕೇಳಿ ಬಿಡುತ್ತಿದ್ದ. ಇನ್ನು ಹನ್ನೆರಡು ದಿನಕ್ಕೆ ಸರೋವರದ ದಂಡೆಯ ಮೇಲೆ ದೊಡ್ಡ ಪ್ರದರ್ಶನ. ಅಲ್ಲಿ 'ಯಾರ ಕೈಯೂ ಸೋಕದ ಕಾರು' ಎಂಬ ವಿಭಾಗದಲ್ಲಿ ಅವನ ಕಡುನೀಲಿ ಗೆರ್ಲೋನೆ ನಿಲ್ಲಬೇಕಿತ್ತು. ಐವತ್ತಾರನೇ ಇಸವಿಯ ಕಾರು. ಬಣ್ಣ, ಚರ್ಮ, ಕಾರ್ಪೆಟ್ಟು ಎಲ್ಲ ಕಾರ್ಖಾನೆಯಿಂದ ಹೊರಟಾಗ ಇದ್ದದ್ದೇ ಎಂದು ಮಸೇರಾ ಬರೆದುಕೊಟ್ಟಿದ್ದರು. ಒಂದೇ ತೊಡಕು. ಹಿಂದಿನ ಸೀಟಿನ ನಡುವೆ ಕೈ ಇಟ್ಟುಕೊಳ್ಳುವ ದಿಂಬಿನ ಅಂಚಿನಲ್ಲಿ, ಹಿಂದಿನ ಗಾಜಿನಿಂದ ಬಿಸಿಲು ಬೀಳುವ ಕಡೆ, ದಾರ ಸೊರಗಿ ನಾಲ್ಕು ಬೆರಳಿನಷ್ಟು ಹೊಲಿಗೆ ಬಿಟ್ಟಿತ್ತು. ಅಂಗೈಯಗಲದ ದುರಸ್ತಿಗೆ ನಿಯಮದಲ್ಲಿ ಅವಕಾಶವಿತ್ತು, ಅದಕ್ಕೇ ಇಲ್ಲಿಗೆ ತಂದಿದ್ದರು.

"ಬಲಕ್ಕೆ ವಾಲಿರೋ ಗೆರ್ಲೋನೆಗಳೂ ಇವೆಯಲ್ಲ ದೊತ್ತೋರೆ?" ದೆಲ್ಫೀನಾ ಕೇಳಿದಳು. ಕೇಳಬಾರದಿತ್ತು.

"ಇವೆ ಇವೆ. ಎಡಕ್ಕಿರೋವು ಏಳು, ಬಲಕ್ಕಿರೋವು ಮೂವತ್ತಕ್ಕೂ ಹೆಚ್ಚು. ಆ ಮೂವತ್ತನ್ನೂ ಆಮೇಲೆ ಯಾರೋ ಬಿಚ್ಚಿ ಕೆಡಿಸಿದ್ದಾರೆ. ಈಗ ಅವುಗಳ ಯಜಮಾನರೆಲ್ಲ ನನ್ನ ಪುಸ್ತಕ ಓದಿ, ಎಡಕ್ಕೆ ವಾಲೋ ಹಾಗೆ ಹೊಸದಾಗಿ ಹೊಲಿಸ್ಕೋತಿದ್ದಾರೆ."

ದೆಲ್ಫೀನಾಗೆ ಮೈಯೆಲ್ಲ ಉರಿಯಿತು. ಮೂವತ್ತು ಕಾರಿನ ಅಸಲಿ ಹೊಲಿಗೆಯನ್ನು ಬಿಚ್ಚಿಸಿ ಎಸೆಸಿದ್ದಾನೆ ಈ ಪುಣ್ಯಾತ್ಮ! ಕಾರ್ಖಾನೆಯಲ್ಲಿ ಹೊಲಿದದ್ದು ಆ ಮೂವತ್ತು. ಎಡಕ್ಕೆ ವಾಲಿದ ಏಳನ್ನು ಹೊಲಿದದ್ದು ಇವಳು. ಗೆರ್ಲೋನೆ ಮುಚ್ಚಿದಾಗ ಅಲ್ಲಿ ಉಳಿದಿದ್ದ ಚರ್ಮವನ್ನೂ ದಾರವನ್ನೂ ಬಾರ್ಬಾ ವಿಜಿನ್ ಸಗಟಾಗಿ ಕೊಂಡಿದ್ದ. ಬಾರ್ಬಾ ಅಂದರೆ ಚಿಕ್ಕಪ್ಪ. ಅವನು ಯಾರಿಗೂ ಚಿಕ್ಕಪ್ಪನಲ್ಲ, ಬಡಾವಣೆಗೆಲ್ಲ ಬಾರ್ಬಾ. ಅವನ ಅಂಗಡಿಯಲ್ಲಿ ದೆಲ್ಫೀನಾ ಕೆಲಸಕ್ಕಿದ್ದಳು. ಎಪ್ಪತ್ತನಾಲ್ಕರಲ್ಲಿ ಪೆಟ್ರೋಲಿನ ಬೆಲೆಗೆ ಬೆಂಕಿ ಬಿದ್ದು ದೊಡ್ಡ ಕಾರುಗಳನ್ನು ಕೇಳುವವರಿಲ್ಲದೆ, ಅವು ಕೋಳಿಗೂಡಿನ ಪಕ್ಕ ನಿಲ್ಲುತ್ತಿದ್ದ ಕಾಲ. ಈ ನೀಲಿ ಕಾರು ಆಗ ಪಿನೆರೋಲೋದ ಒಬ್ಬ ಹಲ್ಲಿನ ವೈದ್ಯನದು. ಅವನ ನಾಯಿ ದಿಂಬನ್ನು ಕಡಿದು ಚಿಂದಿ ಮಾಡಿತ್ತು. ನಾಯಿಯ ಬಣ್ಣ ಕೂಡ ದೆಲ್ಫೀನಾಗೆ ಇವತ್ತಿಗೂ ನೆನಪಿತ್ತು.

"ದೊತ್ತೋರೆ, ಈ ದಿಂಬು ಹೊಲಿದದ್ದು ನಾನು," ಅಂದುಬಿಟ್ಟಳು.

ಕ್ರವೇರೋನ ಮುಖ ನೆನೆದ ಬಿಸ್ಕತ್ತಾಯಿತು. ಮಸೇರಾ ಮಾತ್ರ ನಕ್ಕರು. ಕೋಪ ಬಂದಿದ್ದರಾದರೂ ಸಹಿಸಬಹುದಿತ್ತು. ಅವರು ಪ್ರೀತಿಯಿಂದ ನಕ್ಕರು.

"ಇಂಥದ್ದು ಬೇಕಾದಷ್ಟು ಕೇಳಿದ್ದೀನಿ ಸಿನ್ಯೋರಾ. ಕಳೆದ ವರ್ಷ ಅಸ್ತಿ ಅನ್ನೋ ಊರಲ್ಲಿ ಒಬ್ಬ ಮುದುಕ ತಗಡು ಬಡಿದು ಕಾರಿನ ಮೂತಿ ಮಾಡಿದ್ದು ನಾನೇ ಅಂತ ಕೂತಿದ್ದ. ವಯಸ್ಸಾದ ಹಾಗೆ ನಾವು ಮುಟ್ಟಿದ್ದೆಲ್ಲ ನಾವೇ ಮಾಡಿದ್ದು ಅನ್ನಿಸುತ್ತೆ."

"ನಾನು ಎಡಚಿ ದೊತ್ತೋರೆ."

"ಈಗ ತಾನೇ ಕಾರು ತಗೊಂಡಿದ್ದಕ್ಕೆ ರಸೀದಿ ಬರೆದ್ರಲ್ಲ. ಯಾವ ಕೈಯಲ್ಲಿ ಬರೆದ್ರಿ?"

ಬಲಗೈಯಲ್ಲಿ. ಬರೆಯುವುದಕ್ಕೆ ಮಾತ್ರ ಬಲಗೈ, ಯಾಕೆಂದರೆ ಶಾಲೆಯ ಸಿಸ್ಟರುಗಳು ಎಡಗೈಯನ್ನು ಸೈತಾನನ ಕೈ ಅಂತ ಬೆಂಚಿಗೆ ಕಟ್ಟಿ ಅಕ್ಷರ ಕಲಿಸಿದ್ದರು. ಸೂಜಿ ಹಿಡಿಯುವುದನ್ನು ಸಿಸ್ಟರುಗಳು ಕಲಿಸಲಿಲ್ಲ, ಹಾಗಾಗಿ ಅದು ಎಡಗೈಯಲ್ಲೇ ಉಳಿಯಿತು. ಇದನ್ನೆಲ್ಲ ಹೇಳಿದಳು, ಬಾರ್ಬಾನ ಅಂಗಡಿಯ ವಿಷಯವನ್ನೂ ನಾಯಿಯ ವಿಷಯವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ತನ್ನ ಕಿವಿಗೇ ಅದು ಕಟ್ಟುಕತೆಯಂತೆ ಕೇಳತೊಡಗಿ ಇನ್ನಷ್ಟು ಸಿಟ್ಟು ಬಂತು.

"ಬಾರ್ಬಾ ವಿಜಿನ್ ಅಂಗಡಿಯ ಲೆಕ್ಕದ ಪುಸ್ತಕ ಏನಾದ್ರೂ?" ಮಸೇರಾ ಕೇಳಿದರು.

"ಬಾರ್ಬಾಗೆ ಓದೋಕೆ ಬರ್ತಿರ್ಲಿಲ್ಲ."

"ಸಾಕ್ಷಿಗಳು?"

ದೆಲ್ಫೀನಾ ತಮ್ಮನ ಕಡೆ ತಿರುಗಿದಳು. ಫಿರ್ಮಿನೋ ಬಣ್ಣದ ಕೆಲಸದವನು. ಅಕ್ಕನಿಗಿಂತ ಎರಡು ವರ್ಷ ಚಿಕ್ಕವನು. ಇವಳು ಚರ್ಮ, ಅವನು ಬಣ್ಣ, ಮೂವತ್ತು ವರ್ಷದಿಂದ ಒಂದೇ ಸೂರಿನ ಕೆಳಗೆ. ಅವನು ಕಾರಿನ ಮುಂಬಾಗಿಲ ಹತ್ತಿರ ಕೂತು, ಹಳೆಯ ಬಣ್ಣದ ಮೇಲೆ ಬೆರಳು ಆಡಿಸುತ್ತಿದ್ದ.

"ನಾನು ಆಗ ಮಿಲಿಟರೀಲಿದ್ದೆ," ಅಂದ ಫಿರ್ಮಿನೋ. "ಉದೀನೆಯಲ್ಲಿ. ಎಪ್ಪತ್ತನಾಲ್ಕು ಪೂರ್ತಿ. ನಾನು ನೋಡಿಲ್ಲ."

"ನಾನು ಕಾಗದ ಬರೆದಿರ್ಲಿಲ್ವೇನೋ ನಿನಗೆ? ನಾಯಿ ಕಡಿದ ಕಾರು ಅಂತ?"

"ಬರೆದಿದ್ದೆ ಅನ್ಸುತ್ತೆ. ಬರೆದಿದ್ದೆ ಅಂತ ಆಣೆ ಮಾಡು ಅಂದ್ರೆ ಆಗಲ್ಲ."

ಇಡೀ ಇಟಲಿಯಲ್ಲಿ ಸುಳ್ಳು ಹೇಳಲು ಬಾರದ ಒಬ್ಬನೇ ಮನುಷ್ಯ ಇವಳಿಗೇ ತಮ್ಮನಾಗಿ ಹುಟ್ಟಬೇಕಿತ್ತೇ?

ಮಸೇರಾ ಅವನನ್ನೂ ಬಿಡಲಿಲ್ಲ. ಬಾಗಿಲ ಕೆಳಗಡೆ ಬಣ್ಣ ಕೂದಲೆಳೆಯಂತೆ ಬಿರಿದಿತ್ತು. ಫಿರ್ಮಿನೋ ಅದನ್ನು ಹತ್ತಿಯಿಂದ ಒರೆಸಲು ಹೋಗಿದ್ದೇ ತಡ, "ಮುಟ್ಟಬೇಡಿ! ಅದು ಚರಿತ್ರೆ!" ಎಂದು ಕೂಗಿದರು.

"ಚರಿತ್ರೆ ಅಲ್ಲ ದೊತ್ತೋರೆ, ಅದು ಬಿರುಕು."

"ಅರವತ್ತೆರಡು ವರ್ಷದ ಬಿರುಕು!"

"ನನ್ನ ಸೊಂಟಕ್ಕೆ ಇನ್ನೂ ಎರಡು ಜಾಸ್ತಿ ಆಗಿದೆ. ಅದನ್ನೂ ಸರೋವರಕ್ಕೆ ಕರ್ಕೊಂಡು ಹೋಗ್ತೀರಾ?"

ಮಸೇರಾ ಧೂಳು ಒರೆಸುವುದು ಬಿಟ್ಟರೆ ಬೇರೇನೂ ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿ, ದಿಂಬನ್ನು ಬಿಚ್ಚುವ ನಾಲ್ಕು ಸ್ಕ್ರೂಗಳ ಫೋಟೋವನ್ನು ಒಂದೊಂದಾಗಿ ತೆಗೆದುಕೊಂಡು ಹೊರಟರು.

ಊಟಕ್ಕೆ ಕೂತಾಗ ದೆಲ್ಫೀನಾ ಗ್ರಿಸ್ಸೀನಿ ಎಂಬ ಗರಿಗರಿ ರೊಟ್ಟಿಕಡ್ಡಿಗಳನ್ನು ತಿನ್ನಲಿಲ್ಲ, ಒಂದೊಂದಾಗಿ ಮುರಿದು ಮೇಜಿನ ಮೇಲೆ ಗುಡ್ಡೆ ಹಾಕಿದಳು. ಫಿರ್ಮಿನೋ ನಿನ್ನೆಯ ಸಾರನ್ನು ಬಿಸಿ ಮಾಡಿ ಅದರಲ್ಲಿ ಮಾಂಸದ ಕಡುಬುಗಳನ್ನು ತೇಲಿಬಿಟ್ಟು ತಟ್ಟೆಗೆ ಬಡಿಸಿದ.

"ಬಿಡೇ ಅತ್ಲಾಗಿ. ನಿನಗೇನು ನಷ್ಟ? ನಾಲ್ಕು ಬೆರಳು ಹೊಲಿ, ಬಾಗಿಲು ತೆಗಿ, ಕಾರು ಆಚೆ ಹೋಗ್ಲಿ."

"ಅವನು ನನ್ನನ್ನ ಗಂಡಸು ಮಾಡಿ ಪುಸ್ತಕದಲ್ಲಿ ಹಾಕಿದಾನೆ ಕಣೋ! ಮೂರು ಭಾಷೇಲಿ!"

"ಹೊಗಳೇ ಇದಾನಲ್ಲ."

"ಅದೇ! ಬೈದಿದ್ರೆ ಯಾರು ಕೇಳ್ತಿದ್ರು?" ಅವಳು ಚಮಚ ಕೆಳಗಿಟ್ಟಳು. "ಆ ವಿಜಿನ್ ಹನ್ನೊಂದು ವರ್ಷದಲ್ಲಿ ಒಂದು ಸಲ ಚೆನ್ನಾಗಿದೆ ಅನ್ಲಿಲ್ಲ ಫಿರ್ಮಿನೋ. ಹೊಲಿದು ಮುಂದಿಟ್ರೆ 'ಹೂಂ' ಅಂದು ಮುಂದಿನ ತುಂಡು ತಳ್ತಿದ್ದ. ಗಿರಾಕಿ ಬಂದ್ರೆ ನನ್ನ ಹಿಂದಿನ ಕೋಣೆಗೆ ಕಳಿಸ್ತಿದ್ದ. ಹುಡುಗಿ ಹೊಲಿದದ್ದು ಅಂತ ಗೊತ್ತಾದ್ರೆ ಕಡಿಮೆಗೆ ಕೇಳ್ತಾರಂತೆ. ನಾನೂ ಅಷ್ಟೇ ಅಂದ್ಕೊಂಡಿದ್ದೆ, ಏನೋ ಹೊಟ್ಟೆಪಾಡು ಅಂತ. ಈಗ ಗೊತ್ತಾಯ್ತು ನೋಡು, ಚೆನ್ನಾಗಿತ್ತಂತೆ. ಬಹಳ ಚೆನ್ನಾಗಿತ್ತಂತೆ! ಯಾರೋ ಒಬ್ರು, ಒಬ್ಬರಾದ್ರೂ, ಇದು ನಿಂದೇ ಅಂತ ಒಪ್ಕೊಂಡ್ರೆ ಸಾಕು ನನಗೆ. ಸರೋವರಾನೂ ಬೇಡ, ಪುಸ್ತಕಾನೂ ಬೇಡ."

ಫಿರ್ಮಿನೋ ಸಾರು ಕುಡಿದ. ತಟ್ಟೆ ಬದಿಗಿಟ್ಟು, "ನಾನು ಒಪ್ತೀನಿ," ಅಂದ.

"ನೀನು ಉದೀನೆಯಲ್ಲಿದ್ದೆ," ಅಂದಳು ಅವಳು.

ಮಧ್ಯಾಹ್ನವೇ ಮಸೇರಾಗೆ ಫೋನು ಮಾಡಿದಳು. ಅವಳ ಪ್ರಸ್ತಾಪ ನೇರವಾಗಿತ್ತು. ಬಿಟ್ಟುಹೋದ ನಾಲ್ಕು ಬೆರಳು ಜಾಗವನ್ನು ನಿಮ್ಮ ಎದುರಿಗೇ ಹೊಲಿಯುತ್ತೇನೆ. ಹಳೆಯ ತೂತು, ಹಳೆಯ ಚರ್ಮ, ದಾರವೂ ಗೆರ್ಲೋನೆಯದೇ ಒಂದು ಉಂಡೆ ನನ್ನ ಹತ್ತಿರ ಉಳಿದಿದೆ. ಪಕ್ಕದ ಹೊಲಿಗೆಗೂ ನನ್ನ ಹೊಲಿಗೆಗೂ ಕೈ ಒಂದೇ ಅಂತ ಕಂಡರೆ ಒಪ್ಪಿಕೊಳ್ಳಿ. ಬೇರೆ ಅಂತ ಕಂಡರೆ ನಾನು ಇನ್ನು ಬಾಯಿ ತೆರೆಯುವುದಿಲ್ಲ. ಮಸೇರಾ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಾದರೂ ಮೊಲವನ್ನು ತೋರಿಸಿ ಅಂದರೆ ತೋರಿಸುವ ಧೈರ್ಯದವರು. ಒಪ್ಪಿದರು. ಶುಕ್ರವಾರ ಬೆಳಿಗ್ಗೆ ಅಂತ ಗೊತ್ತಾಯಿತು.

ಎರಡು ದಿನ ದೆಲ್ಫೀನಾ ಆ ದಿಂಬಿಗೆ ಬಾಣಂತಿಯ ಆರೈಕೆ ಮಾಡಿದಳು. ಬಿಸಿಲಿಗೆ ಒಣಗಿದ ಚರ್ಮಕ್ಕೆ ಸೂಜಿ ಹಾಕಿದರೆ ಹಪ್ಪಳದಂತೆ ಮುರಿಯುತ್ತದೆ. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡನ್ನು ಉಗುರುಬೆಚ್ಚಗೆ ಮಾಡಿ, ಚರ್ಮದ ಒಳಮೈಗೆ ಬೆರಳಿನಿಂದ ತೆಳ್ಳಗೆ ಹಚ್ಚಿ, ಅದು ಕುಡಿಯುವವರೆಗೆ ಕಾದು, ಮತ್ತೆ ಹಚ್ಚಬೇಕು. ಅವಸರ ಮಾಡಿದರೆ ಕಲೆ. ಗುರುವಾರದ ಹೊತ್ತಿಗೆ ಜೇನುಬಣ್ಣದ ಚರ್ಮ ಕಿವಿಯ ಹಾಲೆಯಷ್ಟು ಮೆತ್ತಗಾಯಿತು. ಬಿಟ್ಟ ತೂತುಗಳನ್ನು ಎಣಿಸಿದಳು. ಹದಿನಾಲ್ಕು ಹೊಲಿಗೆ. ಹದಿನಾಲ್ಕು ಏನು ಮಹಾ, ಕಣ್ಣು ಮುಚ್ಚಿ ಹಾಕುತ್ತೇನೆ ಅಂದುಕೊಂಡಳು.

ಅವತ್ತೇ ಸಂಜೆ ಕ್ರವೇರೋ ಒಬ್ಬನೇ ಬಂದ. ಕೈಯಲ್ಲಿ ತನ್ನದೇ ಕಂಪನಿಯ ಬಿಸ್ಕತ್ತಿನ ಡಬ್ಬಿ, ರಿಬ್ಬನ್ ಕಟ್ಟಿದ್ದು.

"ಸಿನ್ಯೋರಾ, ನಾನು ನಿಮ್ಮನ್ನ ನಂಬ್ತೀನಿ," ಎಂದು ಶುರು ಮಾಡಿದ.

ದೆಲ್ಫೀನಾಳ ಎದೆ ಒಂದು ಸಲ ಹಗುರವಾಯಿತು. ಕುರ್ಚಿ ಎಳೆದು ಹಾಕಿದಳು.

"ನಂಬ್ತೀನಿ ಅಂತ್ಲೇ ಬಂದೆ. ನೀವು ನಾಳೆ ಹೊಲಿದ್ರೆ ಅದು ಅದೇ ಥರ ಬರುತ್ತೆ. ಬಂದ್ರೆ ದೊತ್ತೋರರು ಒಪ್ತಾರೆ. ಒಪ್ಪಿದ್ರೆ ನನ್ನ ಕಾರು ಕೈ ಸೋಕಿದ ಕಾರಾಗುತ್ತೆ. ಸರೋವರಕ್ಕೆ ಸೇರಿಸ್ಕೊಳ್ಳಲ್ಲ. ಅದಕ್ಕೇ..." ಅವನು ಡಬ್ಬಿಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. "ಸ್ವಲ್ಪ ಕೆಟ್ಟದಾಗಿ ಹೊಲಿಯಕ್ಕಾಗುತ್ತಾ? ತುಂಬ ಬೇಡ. ಒಂಚೂರು."

ದೆಲ್ಫೀನಾ ಡಬ್ಬಿಯನ್ನು ತಿರುಗಿ ಅವನ ಕಡೆಗೇ ತಳ್ಳಿದಳು. ನಂಬದವನು ಒಬ್ಬ, ನಂಬಿಯೂ ಕೆಡಿಸು ಅನ್ನುವವನು ಇನ್ನೊಬ್ಬ. ಇಂಥವರ ನಡುವೆ ಬದುಕುವುದಕ್ಕಿಂತ ಕುದುರೆಗೆ ಜೀನು ಹೊಲಿದುಕೊಂಡು ಇದ್ದಿದ್ದರೆ ಚೆನ್ನಾಗಿತ್ತು. ಕುದುರೆ ಒದೆಯುತ್ತದೆ, ಆದರೆ ಇಂಥದ್ದನ್ನು ಕೇಳುವುದಿಲ್ಲ.

"ಕ್ರವೇರೋ ಅವರೇ, ನಿಮ್ಮ ಬಿಸ್ಕತ್ತಿಗೆ ಬೇಕಂತ ಮಣ್ಣು ಕಲಸಿದ್ದೀರಾ ಯಾವತ್ತಾದ್ರೂ?"

"ಛೆ ಛೆ!"

"ಹಾಗಾದ್ರೆ ಎದ್ದೇಳಿ. ಡಬ್ಬೀನೂ ತಗೊಂಡೇಳಿ."

ಅವನು ಎದ್ದ. ಬಾಗಿಲ ತನಕ ಹೋಗಿ, "ಒಂಚೂರು," ಅಂತ ಇನ್ನೊಮ್ಮೆ ಬೆರಳಲ್ಲಿ ತೋರಿಸಿಯೇ ಹೋದ.

ಶುಕ್ರವಾರ ಹತ್ತು ಗಂಟೆಗೆ ಎಲ್ಲರೂ ಸೇರಿದರು. ದೆಲ್ಫೀನಾ ಗಿಡ್ಡ ಸ್ಟೂಲಿನ ಮೇಲೆ ಕೂತು, ದಿಂಬಿನ ಅಂಚನ್ನು ಮರದ ಇಕ್ಕಳಕ್ಕೆ ಸಿಕ್ಕಿಸಿ, ಇಕ್ಕಳವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಳು. ನಾರಿನ ದಾರಕ್ಕೆ ಮೇಣ ಹಚ್ಚಿ, ಎರಡು ತುದಿಗೂ ಸೂಜಿ ಪೋಣಿಸಿ, ಮೊದಲನೆಯದನ್ನು ಎಡಗೈಯಲ್ಲಿ ತೂತಿಗೆ ಕೊಟ್ಟಳು.

"ಓಹೋ, ಎಡಗೈ!" ಅಂದರು ಮಸೇರಾ. "ಚೆನ್ನಾಗಿ ಅಭ್ಯಾಸ ಮಾಡಿದ್ದೀರಿ ಸಿನ್ಯೋರಾ. ನನ್ನ ಪುಸ್ತಕ ಬಂದ್ಮೇಲೆ ಜರ್ಮನಿಯಲ್ಲೂ ಕೆಲವರು ಹೀಗೇ ಕಲ್ತಿದ್ದಾರೆ."

"ದೊತ್ತೋರೆ, ನಾನು ಹೊಲಿಯೋವಾಗ ಮಾತಾಡಿದ್ರೆ ನಿಮ್ಮ ತುಟೀನೂ ಸೇರಿಸಿ ಹೊಲಿದುಬಿಡ್ತೀನಿ."

ಫಿರ್ಮಿನೋ ಕೆಮ್ಮಿ ನಗುವನ್ನು ನುಂಗಿದ. ದಾರ ಚರ್ಮದೊಳಗೆ ಸರಸರ ಸರಿಯತೊಡಗಿತು. ಎಡ ಸೂಜಿ, ಬಲ ಸೂಜಿ, ಎರಡೂ ಕೈ ಚಾಚಿ ಒಂದು ಎಳೆತ. ಎಳೆತದಲ್ಲೇ ಎಲ್ಲ ಇರುವುದು. ಕಡಿಮೆಯಾದರೆ ಹೊಲಿಗೆ ತೇಲುತ್ತದೆ, ಹೆಚ್ಚಾದರೆ ಚರ್ಮ ಮುದುಡುತ್ತದೆ. ಎಷ್ಟು ಅಂತ ಯಾವ ಪುಸ್ತಕದಲ್ಲೂ ಇಲ್ಲ, ಹೆಬ್ಬೆರಳಿಗೆ ಗೊತ್ತಿರಬೇಕು. ದೆಲ್ಫೀನಾಳ ಹೆಬ್ಬೆರಳಿನ ಬುಡ ಎರಡು ಚಳಿಗಾಲದಿಂದ ನೋಯುತ್ತಿತ್ತು. ಅವಳು ಅದಕ್ಕೆ ಗಮನ ಕೊಡಲಿಲ್ಲ. ಇಷ್ಟು ಮನಸ್ಸಿಟ್ಟು ಹೊಲಿದು ಎಷ್ಟೋ ವರ್ಷವಾಗಿತ್ತು. ಕೈ ತಾನಾಗಿ ಓಡುತ್ತಿದೆ ಅನ್ನಿಸಿತು, ಆ ಹಿಂದಿನ ಕೋಣೆಯಲ್ಲಿ ಓಡುತ್ತಿದ್ದ ಹಾಗೆಯೇ. ಹದಿನಾಲ್ಕನೆಯದನ್ನು ಮುಗಿಸಿ ದಾರ ಕತ್ತರಿಸಿ, ಮೂಳೆಯ ತುಂಡಿನಿಂದ ಒಮ್ಮೆ ಉಜ್ಜಿ, "ನೋಡ್ಕೊಳ್ಳಿ," ಅಂದಳು. ಅವಳಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ.

ಮಸೇರಾ ದಿಂಬನ್ನು ಕಿಟಕಿಯ ಬೆಳಕಿಗೆ ಒಯ್ದರು. ಭೂತಗನ್ನಡಿಯನ್ನು ಹಳೆಯ ಹೊಲಿಗೆಯ ಮೇಲೆ ಹಿಡಿದರು, ಹೊಸದರ ಮೇಲೆ ಹಿಡಿದರು, ಮತ್ತೆ ಹಳೆಯದರ ಮೇಲೆ. ಆತುರಪಡಲಿಲ್ಲ, ಅಷ್ಟರ ಮಟ್ಟಿಗೆ ನ್ಯಾಯವಂತರು.

"ಒಳ್ಳೇ ಕೆಲಸ ಸಿನ್ಯೋರಾ," ಅಂದರು ಕೊನೆಗೆ. ದನಿಯಲ್ಲಿ ಈ ಸಲ ಲೇವಡಿ ಇರಲಿಲ್ಲ. "ಬಹಳ ಒಳ್ಳೇ ಕೆಲಸ. ಆದ್ರೆ ಅದೇ ಕೈ ಅಲ್ಲ."

"ಫಿರ್ಮಿನೋ!" ಅಂದಳು ದೆಲ್ಫೀನಾ. "ನೀನು ನೋಡೋ. ನೋಡಿ ಹೇಳು ಈ ಮಹಾನುಭಾವರಿಗೆ."

ಫಿರ್ಮಿನೋ ಭೂತಗನ್ನಡಿ ಇಸಿದುಕೊಂಡು ನೋಡಿದ. ತನ್ನ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಏನೂ ಹೇಳಲಿಲ್ಲ. ಸುಳ್ಳು ಹೇಳಲು ಬಾರದವನು ಸುಮ್ಮನಾದರೆ ಅದರ ಅರ್ಥ ಒಂದೇ. ಅವಳು ಭೂತಗನ್ನಡಿಯನ್ನು ಅವನ ಕೈಯಿಂದ ಕಸಿದುಕೊಂಡಳು.

ಹಳೆಯ ಹೊಲಿಗೆಗಳು ಅಕ್ಕಿಕಾಳುಗಳನ್ನು ಆರಿಸಿ ಸಾಲಾಗಿ ಇಟ್ಟ ಹಾಗಿದ್ದವು. ಒಂದೇ ಓರೆ, ಒಂದೇ ಆಳ, ಎಲ್ಲೂ ಉಸಿರು ತಪ್ಪಿರಲಿಲ್ಲ. ಆಮೇಲೆ ತನ್ನ ಹದಿನಾಲ್ಕು. ನಾಲ್ಕನೆಯದು ಚೂರು ತೇಲಿತ್ತು. ಅದನ್ನು ಸರಿದೂಗಿಸಲು ಐದನೆಯದನ್ನು ಬಿಗಿಯಾಗಿ ಎಳೆದದ್ದು ಕಾಣುತ್ತಿತ್ತು. ಒಂಬತ್ತರ ಹತ್ತಿರ ಚರ್ಮ ಕೂದಲೆಳೆಯಷ್ಟು ಮುದುಡಿತ್ತು, ಕೊನೆಯ ಮೂರು ದಣಿದಿದ್ದವು. ಬರಿಗಣ್ಣಿಗೆ ಯಾರಿಗೂ ತಿಳಿಯದು. ಆದರೆ ಆ ಹೊಲಿಗೆ ಯಾರ ಕಣ್ಣಿಗೆ ತಿಳಿಯಬೇಕೋ ಆ ಕಣ್ಣು ಅವಳದೇ, ಮತ್ತು ಅದು ಇನ್ನೂ ಮಂಜಾಗಿರಲಿಲ್ಲ. ಮಸೇರಾ ಹೇಳಿದ್ದು ಸರಿ. ಅದೇ ಕೈ ಅಲ್ಲ. ದೆಲ್ಫೀನಾಗೆ ಕಿವಿಯ ತನಕ ನಾಚಿಕೆಯಾಯಿತು.

ಅಷ್ಟರಲ್ಲಿ ಕ್ರವೇರೋ ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಒತ್ತಿದ. ಅವನ ಕಣ್ಣಲ್ಲಿ ನೀರಿತ್ತು. "ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ," ಎಂದು ಪಿಸುಗುಟ್ಟಿದ. "ಎಷ್ಟು ನಾಜೂಕಾಗಿ ಕೆಡಿಸಿದ್ದೀರಿ! ಒಂಚೂರು ಅಂದ್ರೆ ಒಂಚೂರು!"

ಫಿರ್ಮಿನೋಗೂ ಅದು ಕೇಳಿಸಿತು. ಮುಳುಗುವವನಿಗೆ ಹಗ್ಗ ಸಿಕ್ಕಂತೆ ಅವನ ಮುಖ ಅರಳಿತು. "ಹೌದೇನೇ? ಬೇಕಂತ್ಲೇ ಮಾಡಿದ್ಯಾ?"

ಹೂಂ ಅಂದರೆ ಸಾಕಿತ್ತು. ಕ್ರವೇರೋ ನಂಬಿದ್ದ, ತಮ್ಮ ನಂಬಲು ಸಿದ್ಧನಾಗಿ ನಿಂತಿದ್ದ, ನಾಳೆ ಇಡೀ ಬಡಾವಣೆಯ ಕಾಫಿ ಅಂಗಡಿಗಳಲ್ಲಿ ದೆಲ್ಫೀನಾ ಹೇಗೆ ದೊತ್ತೋರರ ಕಣ್ಣಿಗೆ ಮಣ್ಣೆರಚಿದಳು ಎಂಬ ಕತೆ ಓಡಾಡುತ್ತಿತ್ತು. ಒಂದು ತಲೆಯಾಡಿಸಿದ್ದರೆ ಬೇಕಾದ್ದೆಲ್ಲ ಸಿಗುತ್ತಿತ್ತು. ಅವಳು ಕೈಯನ್ನು ಬಿಡಿಸಿಕೊಂಡಳು.

"ಇಲ್ಲ," ಅಂದಳು, ಎಲ್ಲರಿಗೂ ಕೇಳುವಂತೆ. "ನನ್ನ ಕೈಲಾದಷ್ಟು ಚೆನ್ನಾಗಿ ಹೊಲಿದೆ. ಇದಕ್ಕಿಂತ ಚೆನ್ನಾಗಿ ನನಗೀಗ ಬರಲ್ಲ."

ಮಸೇರಾ ಅವಳ ಹತ್ತಿರ ಬಂದರು. ಒರಟರಲ್ಲ, ಪಾಪ. "ಬೇಜಾರು ಮಾಡ್ಕೋಬೇಡಿ ಸಿನ್ಯೋರಾ. ನೀವು ಯಾರ ಪಕ್ಕದಲ್ಲಿ ಹೊಲಿದ್ರಿ ಅನ್ನೋದನ್ನೂ ನೋಡ್ಬೇಕಲ್ಲ. ಅಂಥ ಕೈ ನೂರು ವರ್ಷಕ್ಕೊಂದು ಹುಟ್ಟುತ್ತೆ."

ದೆಲ್ಫೀನಾಗೆ ಅವರನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಹನ್ನೊಂದು ವರ್ಷ 'ಹೂಂ' ಕೇಳಿದವಳ ಮುಖಕ್ಕೇ ಒಬ್ಬ ಮನುಷ್ಯ ಇಂಥ ಮಾತು ಹೇಳುತ್ತಿದ್ದಾನೆ, ಅದು ನೀನಲ್ಲ ಎನ್ನುತ್ತಲೇ ಹೇಳುತ್ತಿದ್ದಾನೆ! ಅವಳು ಇನ್ನೊಮ್ಮೆ ದಿಂಬಿನ ಕಡೆ ನೋಡಿದಳು. ಅಂದು ಹಿಂದಿನ ಕೋಣೆಯಲ್ಲಿ ಕೂತು ಅದನ್ನು ಹೊಲಿದ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಬೆಂಕಿಯಂಥ ಹೊಟ್ಟೆಕಿಚ್ಚು, ಮತ್ತು ಅದರ ಜೊತೆಗೇ ಜೀವಮಾನದಲ್ಲಿ ಎಂದೂ ಆಗದಿದ್ದ ಹೆಮ್ಮೆ.

ಮಸೇರಾ ಚೀಲದಿಂದ ಪ್ರದರ್ಶನದ ಫಾರ್ಮು ತೆಗೆದು ಬಾನೆಟ್ಟಿನಿಂದ ದೂರ, ಮೇಜಿನ ಮೇಲಿಟ್ಟು, ಸುಂದರವಾದ ಅಕ್ಷರದಲ್ಲಿ ತುಂಬಿದರು. ದಿಂಬಿನ ಬಗ್ಗೆ ಎರಡು ಸಾಲು. ಮೂಲ ಹೊಲಿಗೆ: ಗೆರ್ಲೋನೆ ಕಾರ್ಖಾನೆ, ಹೆಸರು ತಿಳಿಯದ ಎಡಗೈ ಮೇಸ್ತ್ರಿ. ದುರಸ್ತಿ, ನಾಲ್ಕು ಬೆರಳು: ದೆಲ್ಫೀನಾ ಬೊಸ್ಸೋ. ದುರಸ್ತಿ ಮಾಡಿದವರು ರುಜು ಹಾಕಬೇಕಿತ್ತು.

ಅವಳು ಎರಡೂ ಸಾಲನ್ನು ನಿಧಾನವಾಗಿ ಓದಿದಳು. ನಲವತ್ತೈದು ವರ್ಷ ಚರ್ಮ ಹೊಲಿದು, ಮೊಟ್ಟಮೊದಲ ಸಲ ಅವಳ ಹೆಸರು ಒಂದು ಕಾರಿನ ಕಾಗದದ ಮೇಲೆ ಬರುತ್ತಿತ್ತು. ಅದೂ ಆ ದಿಂಬಿನ ಮೇಲಿನ ಅತಿ ಕೆಟ್ಟ ಹದಿನಾಲ್ಕು ಹೊಲಿಗೆಗೆ. ಪೆನ್ನು ತೆಗೆದುಕೊಂಡು ರುಜು ಹಾಕಿದಳು. ಹಾಕಿ, ತನ್ನ ಹೆಸರಿನ ಪಕ್ಕ 66 ಅಂತ ಬರೆದಳು.

"ಇದೇನು?" ಅಂದರು ಮಸೇರಾ.

"ವಯಸ್ಸು. ಮುಂದೆ ಭೂತಗನ್ನಡಿ ಹಿಡಿದು ಬರೋರಿಗೆ ಗೊತ್ತಿರ್ಲಿ."

"ಅದಕ್ಕೆ ಜಾಗ ಇಲ್ಲ, ಆದ್ರೂ ಪರವಾಗಿಲ್ಲ," ಅನ್ನುವಷ್ಟರಲ್ಲಿ ಅವಳ ಪೆನ್ನು ಮೇಲಿನ ಸಾಲಿಗೆ ಹೋಗಿತ್ತು. ಹೆಸರು ತಿಳಿಯದ ಮೇಸ್ತ್ರಿಯ ಪಕ್ಕ, ಒತ್ತಿ, ದಪ್ಪಗೆ, 22 ಅಂತ ಬರೆದಳು.

"ಸಿನ್ಯೋರಾ! ಅದು ಸರೋವರಕ್ಕೆ ಹೋಗೋ ಕಾಗದ! ಇಪ್ಪತ್ತೆರಡು ಅಂದ್ರೇನು?"

"ಅದೂ ವಯಸ್ಸೇ ದೊತ್ತೋರೆ. ನೂರು ವರ್ಷಕ್ಕೊಂದು ಹುಟ್ಟೋ ಕೈ ಅಂದ್ರಲ್ಲ, ಆ ಕೈಗೆ ಆಗ ಇಪ್ಪತ್ತೆರಡು."

ಕ್ರವೇರೋ ಕುರ್ಚಿ ಹುಡುಕಿಕೊಂಡು ಕೂತ. ಮಸೇರಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ, ನಿಟ್ಟುಸಿರುಬಿಟ್ಟು ಆ ಕಾಗದವನ್ನು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡರು. ಚೀಲ ತೆರೆದು ಇನ್ನೊಂದು ಖಾಲಿ ಫಾರ್ಮು ತೆಗೆದರು. ದೆಲ್ಫೀನಾ ಪೆನ್ನಿನ ಮುಚ್ಚಳ ಹಾಕಿರಲಿಲ್ಲ.

"ಕೊಡಿ, ಅದರ ಮೇಲೂ ಬರೀತೀನಿ," ಅಂದಳು. "ಚೀಲದಲ್ಲಿ ಇನ್ನೂ ಎಷ್ಟಿವೆ?"